ಪರದೇಶದಲ್ಲಿ ಐರಿಷ್ ಜನರ ಸ್ಮಾರಕಗಳು

ಹೊರನಾಡಿನಲ್ಲಿ ನೆಲೆನಿಂತ ಜನಾಂಗವೊಂದು ಸಿರಿವಂತವಾದ ಮೇಲೆ ತನ್ನ ಪೂರ್ವಜರ ದಾರಿದ್ರ್ಯವನ್ನು ಹೇಗೆ ನೆನೆಯಬೇಕು? ಮರೆತರೆ ಕೃತಘ್ನತೆ, ಅಲಂಕರಿಸಿ ಹೇಳಿದರೆ ಅನೃತ. 1990ರ ದಶಕದಿಂದೀಚೆಗೆ ಐರಿಷ್ ಸಂತತಿಯವರು ಅಮೆರಿಕದ ನಗರಗಳಲ್ಲಿ ನಿಲ್ಲಿಸಿರುವ ಸ್ಮಾರಕಗಳನ್ನು ಕುರಿತು ವಿಚಾರಿಸುವಾಗ ಈ ಪ್ರಶ್ನೆಯೇ ಮುಂದೆ ಬರುತ್ತದೆ.

ವಾಚಕರು ಹಿನ್ನೆಲೆಯನ್ನು ಬಲ್ಲರಷ್ಟೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡ ಒಕ್ಕಲಿಗೆ ಆ ಗೆಡ್ಡೆಯೇ ಆಹಾರ. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಜ್ವರದಿಂದಲೂ ಅಸುನೀಗಿದರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಆ ಕಾಲದಲ್ಲಿಯೂ ಧಾನ್ಯವೂ ದನಗಳೂ ಅಲ್ಲಿಯ ಬಂದರುಗಳಿಂದ ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು. ಕಾಲು ಎಕರೆಗಿಂತ, ಎಂದರೆ ನಮ್ಮ ಲೆಕ್ಕದ ಹತ್ತು ಗುಂಟೆಗಿಂತ, ಹೆಚ್ಚು ನೆಲ ಹಿಡಿದವನಿಗೆ ನೆರವಿಲ್ಲವೆಂದು 1847ರ ಕಾನೂನು ವಿಧಿಸಿತು. ಗಂಜಿ ಬೇಕಾದವನು ಭೂಮಿಯನ್ನು ಬಿಡಬೇಕು!

ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ತೆಂಕಣ ತುದಿಯಲ್ಲಿ, ಹಡ್ಸನ್ ನದಿಯ ದಡದಲ್ಲಿ, 2002ರಲ್ಲಿ ಸಿದ್ಧವಾದ ಹಸಿವಿನ ಸ್ಮಾರಕವು ಈ ಹತ್ತು ಗುಂಟೆಯನ್ನು ಮರೆತಿಲ್ಲ. ಶಿಲ್ಪಿ ಬ್ರೈಯನ್ ಟೋಲ್ ಅಲ್ಲಿ ಯಾವ ವೀರನ ವಿಗ್ರಹವನ್ನೂ ನಿಲ್ಲಿಸಲಿಲ್ಲ. ಮೇಯೊ ಪ್ರಾಂತದ ಹಳ್ಳಿಯೊಂದರಿಂದ ಕಲ್ಲಿನ ಮನೆಯೊಂದನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ, ಅದಕ್ಕೆ ಸೂರಿಲ್ಲ. ಸುತ್ತಲೂ ಪಾಳುಬಿದ್ದ ಆಲೂಗಡ್ಡೆಯ ಸಾಲುಗಳು, ಐರ್ಲೆಂಡಿನ ಕಾಡುಗಿಡಗಳು, ಅಲ್ಲಿಯ 32 ಪ್ರಾಂತಗಳಿಂದಲೂ ಬಂದ ಕಲ್ಲುಗಳು. ಈ ದಿಬ್ಬವನ್ನು ಹೊತ್ತ ತಳಗೋಡೆಯಲ್ಲಿ ಗಾಜಿನ ಹಿಂದೆ ಬೆಳಗುವ ಬರಹದ ಪಟ್ಟಿಗಳಿವೆ. ಅವುಗಳಲ್ಲಿ ಐರಿಷ್ ಕ್ಷಾಮದ ಸಂಗತಿಗಳೊಡನೆ ಜಗತ್ತಿನ ಇಂದಿನ ಹಸಿವಿನ ಸಂಗತಿಗಳೂ ಬೆರೆತಿವೆ. ಕಾಲಕ್ಕೆ ತಕ್ಕಂತೆ ಬರಹವನ್ನು ಬದಲಿಸಲು ಅವಕಾಶವಿದೆ. ಇದು ಅತ್ಯಂತ ಔಚಿತ್ಯಪೂರ್ಣವಾದ ಯೋಜನೆ. ತಮ್ಮ ಹಿರಿಯರ ಹಸಿವನ್ನು ನೆನೆಯುವವರು ಅನ್ಯರ ಹಸಿವನ್ನು ಕಾಣದೆ ಅಲ್ಲಿಂದ ಹೊರಡುವಂತಿಲ್ಲ.

ಬೋಸ್ಟನ್ನಿನ ಸ್ಮಾರಕವನ್ನು ಹೀಗೆ ಮೆಚ್ಚಲಾರೆ. 1998ರಲ್ಲಿ ಸ್ಥಾಪಿತವಾದ ಅದರಲ್ಲಿ ಎರಡು ಪ್ರತಿಮಾ ಸಮೂಹಗಳು: ಒಂದು ಕಡೆ ಹಸಿದು ಕುಸಿದ ಸಂಸಾರ, ಇನ್ನೊಂದು ಕಡೆ ಅಮೆರಿಕದಲ್ಲಿ ಏಳಿಗೆ ಹೊಂದಿ ಮುನ್ನಡೆಯುವ ಸಂಸಾರ. ಎರಡನೆಯದು ಬೇಡವಾಗಿತ್ತು. ದಾಟಿಬಂದವರ ಮಕ್ಕಳ ಭಾಗ್ಯವು ದಾಟಲಾರದೆ ಸತ್ತವರಿಗೆ ಸಮಾಧಾನವಾಗಲಾರದು.

ಬಂದವರೆಲ್ಲರೂ ಏಳಿಗೆ ಹೊಂದಲಿಲ್ಲ ಎಂಬುದಕ್ಕೆ ಪೆನ್ಸಿಲ್ವೇನಿಯದ ಮಾಲ್ವರ್ನಿನ ಬಳಿಯ ಡಫೀಸ್ ಕಟ್ ಎಂಬ ಸ್ಥಳವೇ ಸಾಕ್ಷಿ. ಕ್ಷಾಮಕ್ಕೂ ಮೊದಲು, 1832ರಲ್ಲಿ, ಅಲ್ಲಿ ರೈಲುದಾರಿಗೆ ಮಣ್ಣು ಹೊರಲು ಬಂದ 57 ಮಂದಿ ಐರಿಷ್ ಕೂಲಿಗಳು ಕೆಲವೇ ವಾರಗಳಲ್ಲಿ ಕಾಲರಾ ಬೇನೆಯ ನಡುವೆ ಅಳಿದರು. ದಾರಿಯ ಮಗ್ಗುಲಲ್ಲಿಯೇ ಅವರನ್ನು ಹೂಳಿದರು. 2004ರಲ್ಲಿ ಅಲ್ಲಿ ರಾಜ್ಯದ ಫಲಕ ಬಂತು. 2009ರಲ್ಲಿ ಎಲುಬುಗಳು ದೊರೆತವು. ಕೆಲವು ತಲೆಬುರುಡೆಗಳಲ್ಲಿ ಪೆಟ್ಟಿನ ಗುರುತುಗಳಿದ್ದುದರಿಂದ ಎಲ್ಲರೂ ಬೇನೆಯಿಂದಲೇ ಸಾಯಲಿಲ್ಲವೆಂಬ ಶಂಕೆ ಬಲವಾಯಿತು. 2012ರಲ್ಲಿ ದೊರೆತ ಕೆಲವರ ಅವಶೇಷಗಳಿಗೆ ಫಿಲಡೆಲ್ಫಿಯದ ಸಮೀಪ ಮರ್ಯಾದೆಯ ಸಮಾಧಿಯಾಯಿತು. ಇಲ್ಲಿ ಫಲಕವು ಶೋಧನೆಯ ಕೊನೆಯಾಗದೆ ಮೊದಲಾಯಿತೆಂಬುದನ್ನು ಗಮನಿಸಬೇಕು.

ಭಾಷೆಯನ್ನು ಕಲಿಸಿ ಜೀವಿಸುವ ನನಗೆ ಇನ್ನೊಂದು ಕೊರಗುಂಟು. ಕ್ಷಾಮದ ಪೆಟ್ಟು ಬಲವಾಗಿ ಬಿದ್ದುದು ಐರಿಷ್ ನುಡಿ ಮನೆಮಾತಾಗಿದ್ದ ಪಡುವಣ ಪ್ರಾಂತಗಳ ಮೇಲೆ. ಆ ಮಾತನ್ನೇ ನಾಲಗೆಯ ಮೇಲಿಟ್ಟುಕೊಂಡು ಹಡಗಿನಿಂದ ಇಳಿದವರ ಮೊಮ್ಮಕ್ಕಳಲ್ಲಿ ಬಹುಪಾಲು ಮಂದಿ ಅದನ್ನು ಅರಿಯರು. ಮನೆಯ ಕಲ್ಲುಗಳನ್ನು ಕಡಲು ದಾಟಿಸಿ ಜೋಡಿಸಬಹುದು. ಮನೆಯೊಳಗೆ ಆಡುತ್ತಿದ್ದ ಮಾತನ್ನು ಹಾಗೆ ಜೋಡಿಸಲಾದೀತೆ? ಗಾಲ್ವೆ ಪ್ರಾಂತದಿಂದ ಬಂದು ಬ್ರೂಕ್ಲಿನ್ನಿನಲ್ಲಿ ಉಪಾಧ್ಯಾಯರಾಗಿದ್ದ ಮೀಹಾಲ್ ಓ ಲೋಹಾನ್ ಎಂಬವರು ಇದನ್ನು ಮುಂಚೆಯೇ ಕಂಡಿದ್ದರು. 1881ರಲ್ಲಿ ಐರಿಷ್ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ‘ಆನ್ ಗೇಲ್’ ಎಂಬ ಪತ್ರಿಕೆಯನ್ನು ಹೊರಡಿಸಿ, 1899ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಸ್ಮಾರಕ ಸಮಿತಿಗಳು ಕಂಚಿಗೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಆ ಉಪಾಧ್ಯಾಯರ ಕೆಲಸಕ್ಕೆ, ಎಂದರೆ ಮಕ್ಕಳಿಗೆ ಆ ನುಡಿಯನ್ನು ಕಲಿಸುವ ತರಗತಿಗಳಿಗೆ, ತೆಗೆದಿಡಬೇಕೆಂಬುದು ನನ್ನ ಮತ.