ಪರದೆ ಹಿಂದಿನ ಮಾತು: ಆಪರೇಟರ್ ಕಾಕಾನ ತಗಡಿನ ಡಬ್ಬಿ

ನಮ್ಮ ಸಿನಿಮಾದ ಕೋರ್ಟ್ ಸೀನ್ ನೋಡಿದ್ದೀರಲ್ಲ? ನಾಯಕ ಕಟಕಟೆಯಲ್ಲಿ ನಿಂತು ಗುಡುಗುತ್ತಾನೆ, ಶಿಳ್ಳೆ ಬೀಳುತ್ತವೆ, ಧಣಿ ತಲೆ ತಗ್ಗಿಸುತ್ತಾನೆ, ಶುಭಂ! ಕಾರ್ಮಿಕ ನ್ಯಾಯಾಲಯದಲ್ಲಿ ಈ ಡೈಲಾಗಿಗೆ ಮೂರು ಕಾಸಿನ ಬೆಲೆಯಿಲ್ಲ ಸ್ವಾಮೀ. ಅಲ್ಲಿ ಮಾತಾಡುವುದು ಕಾಗದ.

ಮೊನ್ನೆ ವಿಜಯಪುರದ ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿ ನಮ್ಮ ಆಪರೇಟರ್ ಕಾಕಾ ಸಿಕ್ಕರು. ನಾನು ಚಡ್ಡಿ ಹಾಕುವ ಕಾಲಕ್ಕೆ ಪ್ರೊಜೆಕ್ಟರ್ ರೂಮಿನ ಕಿಂಡಿಯಿಂದ ಬಿಟ್ಟಿ ಸಿನಿಮಾ ತೋರಿಸಿದ ಪುಣ್ಯಾತ್ಮರು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಅದೇ ಟಾಕೀಸಿನಲ್ಲಿ ಗೇಟ್ ಕೀಪರ್ ಆದರು. ಹೋದ ತಿಂಗಳು ಮಾಲೀಕರು "ನಾಳಿಂದ ಬರಬ್ಯಾಡ" ಅಂದರಂತೆ. ಐದು ತಿಂಗಳ ಪಗಾರ ಬಾಕಿ. ಟಾಕೀಸಿನ ಹೆಸರು ಬೇಡ ಬಿಡಿ.

"ಕೇಸ್ ಹಾಕ್ರಿ ಕಾಕಾ."

"ನನ್ನ ಕಡೆ ಏನೈತಿ ತಮ್ಮಾ? ಆರ್ಡರ್ ಇಲ್ಲ, ಸಹಿ ಇಲ್ಲ. ರೊಕ್ಕ ಕೈಯಾಗ ಕೊಟ್ರು, ಇಸ್ಕೊಂಡೆ" ಎಂದವರು ಚೀಲದಿಂದ ತಗಡಿನ ಡಬ್ಬಿ ತೆಗೆದರು. ಒಳಗೆ ಹಳದಿಗಟ್ಟಿದ ಪಾವತಿಗಳು. ಬಸ್‌ಸ್ಟ್ಯಾಂಡಿನಲ್ಲಿ ಫಿಲ್ಮ್ ಪೆಟ್ಟಿಗೆ ಬಿಡಿಸಿಕೊಂಡಾಗಿನವು, ಎಲ್ಲದರ ಮೇಲೂ ಅವರದೇ ಸಹಿ!

ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ದಿನಗೂಲಿ ಕೇಸು ಕೇಳಿ. 2002ರಲ್ಲಿ ಅರಣ್ಯ ಇಲಾಖೆಯ ಕೂಲಿಯಾಳು ಸೋತ. ವರ್ಷದಲ್ಲಿ 240 ದಿನ ದುಡಿದೆ ಎಂದು ಅಫಿಡವಿಟ್ ಕೊಟ್ಟಿದ್ದ. ಬರೀ ನಿನ್ನ ಮಾತು ಸಾಲದು, ಪುರಾವೆ ತಾ ಎಂದಿತು ಕೋರ್ಟು. ಆ 240 ದಿನ ರುಜುವಾದರೆ ತಾನೇ ತಿಂಗಳ ನೋಟಿಸು, ಸರ್ವೀಸಿನ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ! 2005ರಲ್ಲಿ ಇನ್ನೊಬ್ಬ ಗೆದ್ದ. ಅವನ ಕೈಲಿ ಎಂಜಿನಿಯರ್ ಕಚೇರಿಯೇ ಕೊಟ್ಟಿದ್ದ ಒಂದು ಸರ್ಟಿಫಿಕೇಟ್ ಇತ್ತು. ಇಲಾಖೆಯೋ, ಮಸ್ಟರ್ ರೋಲನ್ನು ಪೂರ್ತಿ ತರಲೇ ಇಲ್ಲ.

ಕಾಕಾನ ಪಾವತಿಗಳಿಂದ ಹಳೆಯ ಸರ್ವೀಸು ತೋರಿಸಬಹುದು. ಕಳೆದ ವರ್ಷದ್ದು? ಐದು ಜನ ಕೆಲಸಗಾರರಿದ್ದರೆ ಟಾಕೀಸಿಗೂ ಪಿಎಫ್ ಕಡ್ಡಾಯವೆಂದು 1981ರ ಕಾನೂನೇ ಹೇಳಿತ್ತು. ಕಟ್ಟುತ್ತಿದ್ದರೇ ಎಂದರೆ ಕಾಕಾ ನಕ್ಕರು.

"ಬ್ಯಾಂಕಿಗೆ ಏನೂ ಬಂದಿಲ್ಲೇನ್ರಿ?"

"ಮಾಲೀಕ್ರು ಊರಾಗ ಇಲ್ಲದಾಗ ಅವರ ಮಗ ಆರೇಳು ಸರ್ತಿ ಫೋನ್‌ಪೇ ಮಾಡ್ಯಾನ. ಅದೇನ್ ಕಾಗದಾ ಅಲ್ಲಲ್ಲ."

"ಅದಽ ಕಾಗದ ಕಾಕಾ!"

ಬಾಕಿ ಪಗಾರದ ದಾರಿ ಇನ್ನೂ ಸಲೀಸು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ಕೆಲಸದಿಂದ ತೆಗೆದವರಿಗೆ ಎರಡೇ ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಮಾಡಬೇಕು. ಮಾಡದಿದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಹಿಂದಿನ 1936ರ ಕಾಯಿದೆಯಲ್ಲಿ ಅರ್ಜಿಗೆ ಹನ್ನೆರಡೇ ತಿಂಗಳ ಗಡುವು. ಪಿಯುಸಿ ಬಿಟ್ಟು ಬರವಣಿಗೆಗೆ ಬಂದ ಹೊಸದರಲ್ಲಿ ನನ್ನ ಮೂರು ತಿಂಗಳ ದುಡ್ಡು ಒಂದು ಪತ್ರಿಕೆ ನುಂಗಿತು. ಒಂದು ಚೀಟಿಯನ್ನೂ ಇಟ್ಟುಕೊಂಡಿರಲಿಲ್ಲ ನಾನು. ಸುಮ್ಮನಾದೆ, ಹೆಡ್ಡ!

ಸೋಮವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಇಬ್ಬರೂ ಕಾರ್ಮಿಕ ಇಲಾಖೆ ಕಚೇರಿಗೆ ಹೋಗುವುದೆಂದಾಗಿದೆ. ಕಾಕಾ ಡಬ್ಬಿಯನ್ನೂ ತರುತ್ತಾರಂತೆ, ಒಂದು ಪಾವತಿಯನ್ನೂ ಬಿಡದೆ.