ಮನೋಚಿಕಿತ್ಸೆ ಮುಗಿಸುವ ಬಗೆ

ಮನೋಚಿಕಿತ್ಸೆಯನ್ನು ಶುರುಮಾಡುವುದಕ್ಕಿಂತ ಮುಗಿಸುವುದು ಕಷ್ಟ. ಮುರಿದ ಮೂಳೆ ಕೂಡಿತೆಂದು ಎಕ್ಸ್‌ರೇ ಹೇಳುತ್ತದೆ. ಮನಸ್ಸಿಗೆ ಅಂಥ ಸಾಕ್ಷಿಯಿಲ್ಲ. ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಈ ತೊಡಕು ಎದುರಾದದ್ದು ರಷ್ಯದ ಸಿರಿವಂತ ಯುವಕ ಸೆರ್ಗೆಯ್ ಪಾಂಕೆಯೆವ್‌ನ ಚಿಕಿತ್ಸೆಯಲ್ಲಿ.

1910ರಲ್ಲಿ ವಿಯೆನ್ನಾದಲ್ಲಿ ಆರಂಭವಾದ ಆ ಚಿಕಿತ್ಸೆ ವರ್ಷಗಳು ಉರುಳಿದರೂ ಮುಂದೆ ಸಾಗಲಿಲ್ಲ. ರೋಗಿ ವಿನಯದಿಂದ ಕೇಳಿಸಿಕೊಳ್ಳುತ್ತಿದ್ದ, ಒಳಗೆ ಏನೂ ಅಲುಗುತ್ತಿರಲಿಲ್ಲ. ಕಡೆಗೆ ಫ್ರಾಯ್ಡ್ ದಿನ ಗೊತ್ತುಮಾಡಿದರು: ಗುಣವಾಗಲಿ ಬಿಡಲಿ, ಅಂದಿಗೆ ಮುಕ್ತಾಯ. ಮಾತು ಗಟ್ಟಿಯೆಂದು ಖಾತ್ರಿಯಾದ ಮೇಲೆ ಅವನ ಬಿಗಿ ಸಡಿಲಿತು, ಹೂತಿದ್ದ ಬಾಲ್ಯದ ನೆನಪುಗಳು ಕೆಲವೇ ತಿಂಗಳಲ್ಲಿ ಮೇಲೆದ್ದವು. ಕೃತಜ್ಞತೆ ಹೊರೆಯಾಗಿ ಉಳಿಯದಿರಲೆಂದು, ಕೊನೆಯಲ್ಲಿ ಏನಾದರೂ ಉಡುಗೊರೆ ಕೊಡುವುದು ಒಳ್ಳೆಯದೆಂದು ಫ್ರಾಯ್ಡ್ ಸೂಚಿಸಿದರು. ಅವನು ಕೊಟ್ಟ ಈಜಿಪ್ಟಿನ ಸ್ತ್ರೀವಿಗ್ರಹ ಅವರ ಮೇಜಿನ ಮೇಲೆ ಉಳಿಯಿತು. ಅದು 1914.

ಮುಕ್ತಾಯ ಮಾತ್ರ ಉಳಿಯಲಿಲ್ಲ. ರಷ್ಯದ ಕ್ರಾಂತಿಯಲ್ಲಿ ಆಸ್ತಿ ಕಳೆದುಕೊಂಡ ಪಾಂಕೆಯೆವ್ 1919ರಲ್ಲಿ ಮತ್ತೆ ಫ್ರಾಯ್ಡ್ ಬಳಿಗೆ ಬಂದ. 1926ರಲ್ಲಿ ಮನೋವಿಶ್ಲೇಷಕಿ ರೂತ್ ಮ್ಯಾಕ್ ಬ್ರನ್ಸ್‌ವಿಕ್ ಅವರ ಬಳಿಗೆ ಚಿಕಿತ್ಸೆಗೆ ಹೋದಾಗ ಅವನ ಜೇಬಿನಲ್ಲಿ ಪುಟ್ಟ ಕನ್ನಡಿಯಿತ್ತು. ಮೂಗು ವಿಕಾರವಾಗಿದೆಯೆಂಬ ಅಳುಕಿನಿಂದ ಗಳಿಗೆಗೊಮ್ಮೆ ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದ. ಗಡುವು ಕೆಲವನ್ನು ಹೊರತಂದರೂ ಉಳಿದದ್ದನ್ನು ಇನ್ನೂ ಆಳಕ್ಕೆ ತಳ್ಳಬಲ್ಲದೆಂದು ಫ್ರಾಯ್ಡ್ 1937ರ ಪ್ರಬಂಧದಲ್ಲಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ದೊಡ್ಡದು.

ತಪ್ಪು ಗಡುವಿನದಲ್ಲ, ಅದನ್ನು ಒಬ್ಬರೇ ಇಟ್ಟದ್ದರಲ್ಲಿದೆ ಎನ್ನಬೇಕು. ಬಾಸ್ಟನ್ನಿನ ಮನೋವೈದ್ಯ ಜೇಮ್ಸ್ ಮ್ಯಾನ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಭೇಟಿಗಳು ಹನ್ನೆರಡೇ. ಕೊನೆಯ ದಿನ ಆರಂಭದಲ್ಲೇ ಇಬ್ಬರಿಗೂ ಗೊತ್ತಿರುತ್ತದೆ, ಅಗಲಿಕೆಯ ನೋವೇ ಚಿಕಿತ್ಸೆಯ ವಸ್ತುವಾಗುತ್ತದೆ. ಆರನ್ ಬೆಕ್ ಅವರ ಅರಿವು-ವರ್ತನೆ ಚಿಕಿತ್ಸೆಯಲ್ಲಿ ಭೇಟಿಗಳ ನಡುವಿನ ಅಂತರವನ್ನು ಬೆಳೆಸುತ್ತಾರೆ: ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ಮುಗಿದ ಮೇಲೂ ಒಂದೆರಡು ಮರುಭೇಟಿ ಇರುತ್ತದೆ.

ಕೊನೆಯ ವಾರಗಳಲ್ಲಿ ಹಳೆಯ ನಿದ್ರಾಹೀನತೆ, ಆತಂಕ ಮತ್ತೆ ತಲೆಯೆತ್ತುವುದುಂಟು. ಗಾಬರಿಯಿಂದ ಚಿಕಿತ್ಸೆಯನ್ನು ಲಂಬಿಸುವ ಮೊದಲು ಅದು ಬಿಟ್ಟುಹೋಗುವ ಸಂಕಟವೇ ಎಂದು ಕೇಳಿ ತಿಳಿಯಬೇಕು. ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದವರನ್ನು ಒಂದು ಕೊನೆಯ ಮಾತುಕತೆಗೆ ಕರೆಯುವುದು ಒಳ್ಳೆಯದು, ಒತ್ತಾಯ ಸಲ್ಲದು. ಆ ಮಾತುಕತೆಯಲ್ಲಿ ಏನು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬ ಎರಡೂ ಬರಬೇಕು. ಯಾವ ಲಕ್ಷಣ ಕಂಡರೆ ಎಚ್ಚರವಾಗಬೇಕು, ಆಗ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಚಿಕಿತ್ಸೆ ಪಡೆದವರು ತಮ್ಮ ಕೈಯಾರೆ ಬರೆದಿಟ್ಟುಕೊಂಡು ಹೋಗುತ್ತಾರೆ.