ಕೋಟೆಗೋಡೆಯ ಆಚೆಗಿನ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣದ ಸುತ್ತಲಿನ ಯುದ್ಧಭೂಮಿಯನ್ನು ಮಾಸ್ಟರ್ ಪ್ಲಾನ್‌ನಲ್ಲೇ ಗುರುತಿಸಿ ಕಾಯಬೇಕು ಎಂದರೆ ಸಾಕು, ‘ಅದಕ್ಕೆ ಪುರಾತತ್ವ ಇಲಾಖೆ ಇದೆಯಲ್ಲ’ ಎಂಬ ಮಾತು ಬರುತ್ತದೆ. ಇದೆ, ನಿಜ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಯಾವ ದಂಡೂ ಟೇಪು ಹಿಡಿದು ಕಾದಾಡಲಿಲ್ಲ. 1792ರ ಫೆಬ್ರವರಿಯ ಒಂದು ರಾತ್ರಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಮೂರು ಕವಲಾಗಿ ನುಗ್ಗಿದ್ದು ನದಿಯ ಉತ್ತರಕ್ಕಿದ್ದ ಮುಳ್ಳುಬೇಲಿಯೊಳಕ್ಕೆ. 1799ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಅಧಿಕಾರಿ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ ಮುಗ್ಗರಿಸಿದ್ದು ಸುಲ್ತಾನಪೇಟೆಯ ತೋಪಿನಲ್ಲಿ. ಇವೆಲ್ಲ ಕೋಟೆಯ ಹೊರಗೆ ನಡೆದವು.

‘ಬರೀ ಗದ್ದೆ ಬಯಲು, ಅಲ್ಲಿ ನೋಡುವುದಕ್ಕೇನಿದೆ?’ ಎನ್ನುವವರು ಕಾವೇರಿಯನ್ನೇ ಮರೆತಿದ್ದಾರೆ. 1791ರ ಮೇ ತಿಂಗಳಲ್ಲಿ ಮಳೆ ಹಿಡಿದು, ಸೈನಿಕರಿಗೆ ಅಕ್ಕಿ, ಎತ್ತುಗಳಿಗೆ ಮೇವು ಇಲ್ಲದಂತಾಗಿ ಕಾರ್ನ್‌ವಾಲಿಸ್ ಕನ್ನಂಬಾಡಿಯ ಬಳಿ ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಎಂಟು ವರ್ಷದ ನಂತರ ಮುತ್ತಿಗೆ ಹಾಕಿದ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನಿಗೂ ಅದೇ ಭಯ: ಹೊಳೆ ತುಂಬುವ ಮೊದಲು ಕೋಟೆ ಬೀಳಬೇಕು. 1799ರ ಮೇ 4ರ ಮಧ್ಯಾಹ್ನ ಬಂಡೆಗಳ ನಡುವಿನ ತೆಳು ನೀರನ್ನು ದಾಟಿ ಅವನ ಸೈನಿಕರು ವಾಯವ್ಯ ಮೂಲೆಯ ಒಡಕಿನಿಂದ ಒಳಹೊಕ್ಕರು. ಎದುರು ದಡದಿಂದ ಆ ಮೂಲೆ ಕಾಣದಂತೆ ನಾಲ್ಕಂತಸ್ತಿನ ರೆಸಾರ್ಟ್ ಎದ್ದರೆ, ಟಿಪ್ಪು ಆ ಮಧ್ಯಾಹ್ನವೇ ಏಕೆ ಸತ್ತನೆಂಬುದನ್ನು ಮಕ್ಕಳಿಗೆ ಯಾವ ಬೋರ್ಡು ಹಾಕಿ ವಿವರಿಸುವುದು?

‘ಬೇಕಾದರೆ ಸ್ಥಳಾಂತರಿಸಿದರಾಯಿತು’ ಎನ್ನುವವರ ಕೈಯಲ್ಲಿ ಒಂದು ಉದಾಹರಣೆಯಿದೆ. ಜೋಡಿ ರೈಲು ಮಾರ್ಗಕ್ಕಾಗಿ 2017ರಲ್ಲಿ ಟಿಪ್ಪುವಿನ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ಸರಿಸಿದರು. ಎಂಜಿನಿಯರುಗಳ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಹೊಳೆಯ ಹಾಯ್ಗಡವನ್ನು ಯಾವ ಜಾಕಿಯೂ ಎತ್ತಲಾರದು.

ರೈತರ ಆಕ್ಷೇಪವನ್ನು ಮಾತ್ರ ಹೀಗೆ ತಳ್ಳಿಹಾಕುವಂತಿಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅರ್ಧ ಎಕರೆ ಮಾರಹೊರಟವನಿಗೆ ‘ಇಲ್ಲಿ ಸೈಟು ಮಾಡುವಂತಿಲ್ಲ’ ಎಂದರೆ ಬೆಲೆ ಬಿದ್ದೇ ಬೀಳುತ್ತದೆ. ಆದರೂ ಇದು ಭೂಸ್ವಾಧೀನವಲ್ಲ. ಪಹಣಿ ಅವನ ಹೆಸರಿನಲ್ಲೇ ಇರುತ್ತದೆ, ಭತ್ತ ಕಬ್ಬು ಎಂದಿನಂತೆ ಬೆಳೆಯುತ್ತವೆ. ಯುದ್ಧಭೂಮಿಗೆ ನೇಗಿಲಿಗಿಂತ ಒಳ್ಳೆಯ ಕಾವಲುಗಾರನಿಲ್ಲ. ತಡೆಯಬೇಕಾದದ್ದು ಭೂಪರಿವರ್ತನೆಯನ್ನು. ಅದರ ದೊಡ್ಡ ಲಾಭ ಹೋಗುವುದು ಎಕರೆ ಲೆಕ್ಕದಲ್ಲಿ ಕೊಂಡು ಚದರಡಿ ಲೆಕ್ಕದಲ್ಲಿ ಮಾರುವವನಿಗೆ. ಆದರೂ ರೈತನಿಗಾಗುವ ನಷ್ಟ ನಷ್ಟವೇ. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕೊಡುವ ಪದ್ಧತಿಯಿದೆ. ಅಂಥದೊಂದು ಪರಿಹಾರವನ್ನು ಇಲ್ಲಿಗೂ ತಾರದೆ ವಲಯ ಗುರುತಿಸಹೊರಟರೆ ನಾನೂ ರೈತರ ಜತೆ ನಿಲ್ಲುತ್ತೇನೆ.

ಅಭಿವೃದ್ಧಿ ನಿಂತುಹೋಗುತ್ತದೆಯೇ? ಅಮೆರಿಕದ ವರ್ಜೀನಿಯಾದಲ್ಲಿ 1864ರ ವಿಲ್ಡರ್‌ನೆಸ್ ಕದನಭೂಮಿಯ ಬಾಗಿಲಲ್ಲೇ ವಾಲ್‌ಮಾರ್ಟ್ ಮಳಿಗೆಗೆ ಆರೆಂಜ್ ಕೌಂಟಿಯ ಆಡಳಿತ 2009ರಲ್ಲಿ ಅನುಮತಿ ಕೊಟ್ಟಿತ್ತು. ವಿರೋಧ ಬಲವಾಗಿ, ವಿಷಯ ಕೋರ್ಟಿಗೆ ಹೋದ ಮೇಲೆ 2011ರಲ್ಲಿ ಕಂಪನಿ ಹಿಂದೆ ಸರಿದು ಅದೇ ಕೌಂಟಿಯಲ್ಲಿ ಬೇರೆ ಜಾಗ ಹುಡುಕಿಕೊಂಡಿತು. ಅಂಗಡಿಯೂ ಬಂತು, ಕದನಭೂಮಿಯೂ ಉಳಿಯಿತು.

ಇದು ಟಿಪ್ಪು ರಾಜಕೀಯ ಎಂಬ ಆರೋಪಕ್ಕೆ ಹೆಚ್ಚು ಮಾತು ಬೇಡ. ನಿಜಾಮನ ಪಡೆ, ಕಂಪನಿಯ ಸಿಪಾಯಿಗಳು, ಮೈಸೂರಿನವರು ಎಲ್ಲರೂ ಇಲ್ಲಿ ಸತ್ತಿದ್ದಾರೆ. ವಲಯ ನಕ್ಷೆ ಯಾರ ಜಯಂತಿಯನ್ನೂ ಆಚರಿಸುವುದಿಲ್ಲ.

‘ಎಲ್ಲಿ ಏನಾಯಿತೆಂದು ಯಾರಿಗೆ ಗೊತ್ತು?’ ಎಂಬುದು ಕೊನೆಯ ತಕರಾರು. ಗೊತ್ತಿದೆ. 1799ರ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ ಕಾಲಿನ್ ಮೆಕೆಂಝಿಯೇ ಮುಂದೆ ಮೈಸೂರು ಸೀಮೆಯ ಸರ್ವೆ ನಡೆಸಿದ. ಫಿರಂಗಿ ದಿಬ್ಬ, ಕಂದಕ, ಬೇಲಿಗಳನ್ನು ತೋರಿಸುವ ಮುತ್ತಿಗೆಯ ನಕ್ಷೆಗಳು ಇವೆ. ಅವುಗಳ ಮೇಲೆ ಗ್ರಾಮನಕ್ಷೆ ಹೊಂದಿಸಿ ಸರ್ವೆ ನಂಬರುಗಳ ಪಟ್ಟಿ ಮಾಡುವುದು, ಊರೂರಲ್ಲಿ ಆಕ್ಷೇಪಣೆ ಕೇಳುವುದು ಯೋಜನಾ ಪ್ರಾಧಿಕಾರದ ಕೆಲಸ. ಅದಕ್ಕೆ ಬೇಕಾದ ಅಧಿಕಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ.